ಬೆವರು ಬರಲಿ, ಬಿಡಿ

ಬೇಸಗೆಯ ಬೆವರಿಗೆ ಬೇಸರಪಡದವರು ನಮ್ಮಲ್ಲಿ ಯಾರಿದ್ದಾರೆ? ಚೀನಾ ದೇಶದ ಪ್ರಾಚೀನ ವೈದ್ಯರಿಗಾದರೋ ಬೆವರದಿರುವುದೇ ಭಯ. ಸುಮಾರು 2,000 ವರ್ಷಗಳ ಹಿಂದಿನ ‘ಹ್ವಾಂಗ್‌ದಿ ನೇಯ್‌ಜಿಂಗ್’ ಎಂಬ ವೈದ್ಯಗ್ರಂಥವು, ಕಡುಬೇಸಗೆಯಲ್ಲಿ ಬೆವರದವನಿಗೆ ಶರತ್ಕಾಲದಲ್ಲಿ ಚಳಿಜ್ವರ ತಪ್ಪದೆಂದು ಎಚ್ಚರಿಸಿತು. ಜುಲೈ ನಡುವಿನಲ್ಲಿ ತೊಡಗುವ ‘ಸಾನ್‌ಫೂ’ ಎಂಬ ಸೆಕೆಯ ದಿನಗಳಲ್ಲಿ ಅಲ್ಲಿನ ಜನ ಇಂದಿಗೂ ಹೆಸರುಕಾಳು ಬೇಯಿಸಿದ ತಿಳಿಯನ್ನು ಕುಡಿಯುತ್ತಾರೆ. 1596ರಲ್ಲಿ ಅಚ್ಚಾದ ಲೀ ಶಿಜೆನ್ ಎಂಬ ವೈದ್ಯನ ಔಷಧಕೋಶವೂ ಈ ಕಾಳನ್ನು ತಂಪೆಂದೇ ಎಣಿಸಿದೆ. ಅದರ ತವರು ನಮ್ಮ ಭಾರತವೇ. ರಾಮನವಮಿಯ ಕೋಸಂಬರಿಯನ್ನು ನೆನೆಯಿರಿ!

ಚಳಿಜ್ವರ ತರುವುದು ಸೊಳ್ಳೆಯೇ ಹೊರತು ತಡೆದ ಬೆವರಲ್ಲ. ಆದರೂ ಬೆವರು ಆರುವಾಗಲೇ ಮೈ ತಣಿಯುವುದೆಂಬುದು ನಿಜ. ಬಿಸಿಲಲ್ಲಿದ್ದವರ ಮೈ ಸುಡುತ್ತ, ಮಾತು ತಡವರಿಸಿದರೆ ಮಾತ್ರ ಯಾವ ಪಾನಕಕ್ಕೂ ಕಾಯದಿರಿ: ನೆರಳಿಗೆ ತಂದು, ತಣ್ಣೀರೆರೆದು, ಗಾಳಿ ಬೀಸುತ್ತ, ಒಡನೆ ಆಸ್ಪತ್ರೆಗೆ ಒಯ್ಯಿರಿ.