ಓ-ಬ್ರಿಯೋಂ: ಒಂದು ದ್ರಾಕ್ಷಿತೋಟ, ಐದು ಶತಮಾನ

ಫ್ರಾನ್ಸಿನ ನೈಋತ್ಯ ಭಾಗದಲ್ಲಿ, ಗಾರೋನ್ ನದಿಯ ದಂಡೆಯ ಬೋರ್ಡೋ ನಗರಕ್ಕೆ ತಾಗಿಕೊಂಡಿರುವ ಪೆಸ್ಸಾಕ್ ಎಂಬ ಉಪನಗರದಲ್ಲಿ, ಮನೆಗಳೂ ರಸ್ತೆಗಳೂ ಸುತ್ತುವರಿದಿರುವ ಸುಮಾರು 51 ಹೆಕ್ಟೇರಿನ ಒಂದು ದ್ರಾಕ್ಷಿತೋಟವಿದೆ. ಅದರ ಹೆಸರು ಶಾಟೋ ಓ-ಬ್ರಿಯೋಂ. ತೋಟ, ಹಣ್ಣನ್ನು ಹುದುಗಿಸಿ ವೈನ್ ಮಾಡುವ ನೆಲಮಾಳಿಗೆ ಮತ್ತು ಒಡೆಯನ ಮನೆ ಇವೆಲ್ಲವೂ ಸೇರಿದ ಎಸ್ಟೇಟನ್ನು ಬೋರ್ಡೋ ಸೀಮೆಯಲ್ಲಿ ಶಾಟೋ ಎನ್ನುತ್ತಾರೆ. ವೈನನ್ನು ಪ್ರಾಂತ್ಯದ ಹೆಸರಿನಿಂದಲೋ ಹೊರಟ ಬಂದರಿನ ಹೆಸರಿನಿಂದಲೋ ಮಾರುತ್ತಿದ್ದ ಕಾಲದಲ್ಲಿ, ಅದು ಬೆಳೆದ ತೋಟದ ಹೆಸರಿನಿಂದಲೇ ಗುರುತಿಸಿಕೊಂಡ ಮೊದಲ ಬೋರ್ಡೋ ವೈನ್ ಇದೇ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಇಂಥ ತೋಟಗಳ ಹಿರಿಮೆಯನ್ನು ಮಣ್ಣಿನ ವರವೆಂದು ಬಣ್ಣಿಸುವುದು ವೈನ್ ಬರವಣಿಗೆಯ ರೂಢಿಯಾಗಿದ್ದರೂ, ಓ-ಬ್ರಿಯೋಂನ ಐದು ಶತಮಾನಗಳನ್ನು ಕ್ರಮವಾಗಿ ಗಮನಿಸಿದರೆ ಆ ಮಾತು ಅರ್ಧಸತ್ಯವೆಂದು ತಿಳಿಯುತ್ತದೆ. ವ್ಯಾಪಾರ, ರೋಗ, ವಿಜ್ಞಾನ ಮತ್ತು ಊಟದ ಪದ್ಧತಿಗಳು ಈ ತೋಟವನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಿವೆ.

ಬೋರ್ಡೋದ ವೈನ್ ವ್ಯಾಪಾರ ಬೆಳೆದದ್ದು ಒಂದು ಮದುವೆಯ ಫಲವಾಗಿ. 1152ರಲ್ಲಿ ಅಕ್ವಿಟೇನಿನ ಎಲೆನೋರ್, ಮುಂದೆ ಇಂಗ್ಲೆಂಡಿನ ದೊರೆಯಾದ ಹೆನ್ರಿಯನ್ನು ವಿವಾಹವಾದ ಮೇಲೆ ಈ ಸೀಮೆ ಸುಮಾರು ಮುನ್ನೂರು ವರ್ಷ ಇಂಗ್ಲಿಷ್ ಅರಸೊತ್ತಿಗೆಗೆ ಸೇರಿತ್ತು. 1453ರ ಕಾಸ್ತಿಯೋಂ ಯುದ್ಧದಲ್ಲಿ ಫ್ರೆಂಚರು ಅದನ್ನು ಮರಳಿ ಗೆದ್ದುಕೊಂಡರೂ ಇಂಗ್ಲೆಂಡಿನ ಗಿರಾಕಿಗಳು ಉಳಿದುಕೊಂಡರು. ಆ ಕಾಲದ ವೈನ್ ತಿಳಿಗೆಂಪು ಬಣ್ಣದ್ದು, ಪೀಪಾಯಿಗಳಲ್ಲಿ ಹಡಗೇರಿ ಹೋಗಿ ವರ್ಷ ತುಂಬುವುದರೊಳಗೆ ಕುಡಿದು ಮುಗಿಸಬೇಕಾದದ್ದು. ಬೇಸಿಗೆ ಬಂದರೆ ಹುಳಿಯಾಗುತ್ತಿದ್ದ ಈ ಪಾನೀಯಕ್ಕೆ ತೋಟದ ಹೆಸರು ಬೇಕಾಗಿರಲಿಲ್ಲ. 1525ರಲ್ಲಿ ಜಾನ್ ದ ಪೊಂತಾಕ್ ಎಂಬ ಸಿರಿವಂತ ಲಿಬೂರ್ನ್ ಪಟ್ಟಣದ ಮೇಯರನ ಮಗಳನ್ನು ಮದುವೆಯಾದಾಗ ಪೆಸ್ಸಾಕಿನ ಒಂದಷ್ಟು ಜಮೀನು ವರದಕ್ಷಿಣೆಯಾಗಿ ಬಂದಿತು. ಅವನು 1533ರಲ್ಲಿ ಅಲ್ಲಿಯ ಭೂಒಡೆತನದ ಹಕ್ಕನ್ನೂ ಕೊಂಡು, 1549ರಲ್ಲಿ ಮನೆ ಕಟ್ಟಿಸಲು ತೊಡಗಿದ.

ತೋಟಕ್ಕೆ ಹೆಸರು ಬಂದದ್ದು ಮುಂದಿನ ಶತಮಾನದಲ್ಲಿ, ಅದೂ ಲಂಡನ್ನಿನಲ್ಲಿ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಉಗ್ರಾಣದ 1660-61ರ ಲೆಕ್ಕಪುಸ್ತಕದಲ್ಲಿ ಈ ವೈನಿನ ಹೆಸರು ತುಸು ಅಪಭ್ರಂಶವಾಗಿ ನಮೂದಾಗಿದೆ. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1663ರ ಏಪ್ರಿಲ್ 10ರಂದು ಲಂಡನ್ನಿನ ಒಂದು ಪಾನಗೃಹದಲ್ಲಿ ಅದನ್ನು ಕುಡಿದು, ಅದರ ರುಚಿ ಬೇರೆಲ್ಲೂ ಕಾಣದಷ್ಟು ವಿಶಿಷ್ಟವಾದುದೆಂಬ ಅರ್ಥದ ಮಾತನ್ನು ಬರೆದಿಟ್ಟ. ಒಡೆಯರಾದ ಪೊಂತಾಕರು ಬೋರ್ಡೋದ ನ್ಯಾಯಸಭೆಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಕುಲದವರಾದರೂ ವ್ಯಾಪಾರವನ್ನು ಕೀಳೆಂದು ಬಗೆಯಲಿಲ್ಲ. 1666ರ ಮಹಾ ಅಗ್ನಿದುರಂತದಲ್ಲಿ ಲಂಡನ್ ಸುಟ್ಟುಹೋದ ಮೇಲೆ ಆ ಮನೆತನದ ಫ್ರಾಂಸ್ವಾ-ಓಗ್ಯುಸ್ತ್ ದ ಪೊಂತಾಕ್ ಅಲ್ಲಿ ಊಟದ ಮನೆಯೊಂದನ್ನು ತೆರೆದನು. ಅದು ನಗರದ ವಿದ್ವಾಂಸರೂ ಶ್ರೀಮಂತರೂ ಸೇರುವ ತಾಣವಾಯಿತು. ಬೆಳೆಯುವವನೇ ದೂರದೇಶದಲ್ಲಿ ತನ್ನ ಸರಕನ್ನು ತನ್ನ ಹೆಸರಿನಲ್ಲಿ, ತನ್ನ ಅಡುಗೆಯ ಜೊತೆಗೆ ಬಡಿಸಿ ಮಾರಿದ ಈ ಉಪಾಯಕ್ಕೆ ವೈನಿನ ಇತಿಹಾಸದಲ್ಲಿ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಮಣ್ಣಿನ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿದವರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್ ಒಬ್ಬ. 1677ರಲ್ಲಿ ಈ ತೋಟವನ್ನು ನೋಡಲು ಬಂದ ಅವನಿಗೆ ಕಂಡದ್ದು ಬಿಳಿ ಮರಳಿಗೆ ನುರುಜುಗಲ್ಲು ಬೆರೆತ ಬಡನೆಲ. ಪಕ್ಕದ ತೋಟ ಎಲ್ಲ ರೀತಿಯಲ್ಲೂ ಇದರಂತೆಯೇ ಕಂಡರೂ ಅಲ್ಲಿಯ ವೈನ್ ಇದಕ್ಕೆ ಸಮವಲ್ಲವೆಂಬುದನ್ನೂ ಅವನು ಗುರುತುಹಾಕಿಕೊಂಡ. ಇಂಗ್ಲಿಷರ ಬೇಡಿಕೆಯಿಂದ ಬೆಲೆ ಏರಿದೆಯೆಂಬುದೂ ಅವನ ಗಮನಕ್ಕೆ ಬಂದಿತ್ತು. ಬೋರ್ಡೋದ ದಕ್ಷಿಣಕ್ಕಿರುವ ಈ ಪ್ರದೇಶಕ್ಕೆ ಗ್ರಾವ್ ಎಂಬ ಹೆಸರು ಬಂದಿರುವುದೇ ಈ ನುರುಜುಗಲ್ಲುಗಳಿಂದ. ಇಂಥ ನೆಲದಲ್ಲಿ ಮಳೆನೀರು ನಿಲ್ಲದೆ ಬಸಿದುಹೋಗುತ್ತದೆ, ಬೇರು ಆಳಕ್ಕಿಳಿಯುತ್ತದೆ, ಕಲ್ಲುಗಳು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತವೆ, ಅಡಿಯ ಜೇಡಿ ಬರಗಾಲದಲ್ಲಿ ಒಂದಿಷ್ಟು ತೇವ ಉಳಿಸಿಕೊಡುತ್ತದೆ. ಹೀಗಾಗಿ ಬಳ್ಳಿ ಎಲೆಯಾಗಿ ಸೊಕ್ಕದೆ ಸಣ್ಣ, ಗಟ್ಟಿಸಿಪ್ಪೆಯ ಹಣ್ಣು ಬಿಡುತ್ತದೆ. ಸುತ್ತ ನಗರ ಬೆಳೆದ ಮೇಲೆ ತೋಟದ ಗಾಳಿ ಹೊರವಲಯಕ್ಕಿಂತ ತುಸು ಬೆಚ್ಚಗಿರುವುದರಿಂದ ಕೊಯ್ಲು ಬೇಗನೆ ಆರಂಭವಾಗುತ್ತದೆ. ಇದು ಪ್ರಕೃತಿಯಲ್ಲ, ಮನುಷ್ಯನ ವಸತಿಯ ಪರಿಣಾಮ.

ಹದಿನೆಂಟನೆಯ ಶತಮಾನದಲ್ಲಿ ಉತ್ತರಕ್ಕಿರುವ ಮೆದೋಕ್ ಸೀಮೆಯ ಲಾಫೀತ್, ಲಾತೂರ್, ಮಾರ್ಗೋ ತೋಟಗಳು ಓ-ಬ್ರಿಯೋಂನ ಸಾಲಿಗೆ ಬಂದವು. 1787ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದ ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ ಮೊದಲ ದರ್ಜೆಯ ತೋಟಗಳೆಂದು ಹೆಸರಿಸಿದ್ದು ಈ ನಾಲ್ಕನ್ನೇ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋದ ವೈನ್ ದಲ್ಲಾಳಿಗಳು ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗಲೂ ಮೇಲಿನ ದರ್ಜೆಯಲ್ಲಿದ್ದದ್ದು ಇವೇ ನಾಲ್ಕು. ಪಟ್ಟಿಯ ಉಳಿದ ಕೆಂಪು ವೈನ್‌ಗಳೆಲ್ಲ ಮೆದೋಕಿನವಾಗಿದ್ದು, ಗ್ರಾವ್ ಪ್ರದೇಶದಿಂದ ಓ-ಬ್ರಿಯೋಂ ಒಂದೇ ಅದರಲ್ಲಿ ಸೇರಿತು. ಈ ವರ್ಗೀಕರಣವನ್ನು ರುಚಿಯ ತೀರ್ಪೆಂದು ಭಾವಿಸುವುದು ತಪ್ಪು, ಏಕೆಂದರೆ ದಲ್ಲಾಳಿಗಳು ಆಧಾರವಾಗಿಟ್ಟುಕೊಂಡದ್ದು ದಶಕಗಳ ಮಾರಾಟದ ಬೆಲೆಯನ್ನು. ಮೊದಲ ದರ್ಜೆಯಲ್ಲಿ ಆ ಪಟ್ಟಿ ಕಂಡ ಒಂದೇ ಬದಲಾವಣೆಯೆಂದರೆ 1973ರಲ್ಲಿ ಮೂತೋಂ ರೋಥ್‌ಶೀಲ್ಡ್ ತೋಟಕ್ಕೆ ದೊರೆತ ಬಡ್ತಿ.

ಪಟ್ಟಿ ಸ್ಥಿರವಾಗಿ ನಿಂತಿತು, ತೋಟಗಳು ನಿಲ್ಲಲಿಲ್ಲ. 1850ರ ದಶಕದಲ್ಲಿ ಬೂದಿ ರೋಗ ಬಂದಿತು, ಗಂಧಕದ ಪುಡಿಯಿಂದ ಅದನ್ನು ತಡೆಯಲಾಯಿತು. ಅದರ ಹಿಂದೆಯೇ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ಹೀರುವ ಸಣ್ಣ ಕೀಟ ಫ್ರಾನ್ಸಿನ ತೋಟಗಳನ್ನು ಒಣಗಿಸತೊಡಗಿತು. 1868ರಲ್ಲಿ ಸಸ್ಯಶಾಸ್ತ್ರಜ್ಞ ಪ್ಲಾಂಶೋಂ ಮತ್ತು ಸಂಗಡಿಗರು ಅದನ್ನು ಬೇರುಗಳ ಮೇಲೆ ಪತ್ತೆಹಚ್ಚಿದರು. ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬೇರುಸಸಿಯ ಮೇಲೆ ಫ್ರೆಂಚ್ ತಳಿಯನ್ನು ಕಸಿ ಕಟ್ಟುವುದೇ ಉಳಿದ ದಾರಿಯಾಯಿತು. ಆ ಬೇರುಸಸಿಗಳನ್ನು ತರಿಸುತ್ತಿದ್ದ ಹೊತ್ತಿನಲ್ಲೇ, 1878ರ ಸುಮಾರಿಗೆ, ಎಲೆ ಕಾಯಿಗಳನ್ನು ಕೊಳೆಸುವ ಬೂಜು ತುಪ್ಪಟ ರೋಗವೂ ಅದೇ ಖಂಡದಿಂದ ಬಂದಿಳಿಯಿತು.

ಬೋರ್ಡೋದ ಸಸ್ಯಶಾಸ್ತ್ರಜ್ಞ ಪಿಯೇರ್ ಮಿಯಾರ್ದೆ 1882ರಲ್ಲಿ ಮೆದೋಕಿನ ರಸ್ತೆಬದಿಯ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದಿರುವುದನ್ನು ಗಮನಿಸಿದ. ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚಿದ್ದರು. ಅವನು ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಪಾಕವೇ ಬೋರ್ಡೋ ದ್ರಾವಣ. ಬೋರ್ಡೋ ಎಂಬ ಊರಿನ ಹೆಸರು ಮಲೆನಾಡಿನ ಅಡಿಕೆ ಬೆಳೆಗಾರರ ಮಾತಿನಲ್ಲಿ ನೆಲೆನಿಂತದ್ದು ವೈನಿನಿಂದಲ್ಲ, ಈ ಔಷಧಿಯಿಂದ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ರೈತರಿಗೆ ಬೋರ್ಡೋ ಸಿಂಪಡಣೆಯನ್ನು ಪರಿಚಯಿಸಿದರು. ದ್ರಾಕ್ಷಿಯ ಬೂಜು ತುಪ್ಪಟವನ್ನೂ ಅಡಿಕೆಯ ಕೊಳೆರೋಗವನ್ನೂ ತರುವ ಜೀವಿಗಳು ತೇವದಲ್ಲಿ ಹಬ್ಬುವ, ಶಿಲೀಂಧ್ರವನ್ನು ಹೋಲುವ ಒಂದೇ ಗುಂಪಿಗೆ ಸೇರಿದವಾದ್ದರಿಂದ ಗಾರೋನ್ ದಂಡೆಯ ಮದ್ದು ತುಂಗೆಯ ದಂಡೆಯಲ್ಲೂ ಫಲಿಸಿತು, ಶೇ. 1ರ ಆ ದ್ರಾವಣ ಇಂದಿಗೂ ಅಡಿಕೆ ತೋಟಗಳಲ್ಲಿ ಬಳಕೆಯಲ್ಲಿದೆ.

ಈ ರೋಗಗಳು ದ್ರಾಕ್ಷಿಯ ತಳಿಗಳ ಲೆಕ್ಕವನ್ನೂ ಬದಲಿಸಿದವು. ಬೋರ್ಡೋದ ವೈನ್ ಒಂದೇ ತಳಿಯದಲ್ಲ. ಬೇರೆ ಬೇರೆ ಕಾಲಕ್ಕೆ ಹಣ್ಣಾಗುವ ಹಲವು ತಳಿಗಳನ್ನು ಪ್ರತ್ಯೇಕವಾಗಿ ಹುದುಗಿಸಿ ಅನಂತರ ಬೆರೆಸುವುದು ಅಲ್ಲಿಯ ಕ್ರಮ. ಮಳೆ, ಮಂಜುಗಳ ಭರವಸೆಯಿಲ್ಲದ ಕಡಲತಡಿಯ ಹವೆಯಲ್ಲಿ ಒಂದು ತಳಿ ಕೈಕೊಟ್ಟರೆ ಇನ್ನೊಂದು ಉಳಿಸಲಿ ಎಂಬ ವಿವೇಕವೂ ಇದರ ಹಿಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಾಕಷ್ಟಿದ್ದ ಮಾಲ್ಬೆಕ್ ಮತ್ತು ಕಾರ್ಮೆನೇರ್ ತಳಿಗಳು ಮರುನಾಟಿಯ ವೇಳೆಗೆ ಹಿಂದೆ ಸರಿದವು. ಕಾರ್ಮೆನೇರ್ ಅಳಿದೇಹೋಯಿತೆಂದು ಭಾವಿಸಿದ್ದಾಗ, 1994ರಲ್ಲಿ ಅದು ಚಿಲಿ ದೇಶದ ತೋಟಗಳಲ್ಲಿ ಮೆರ್ಲೋ ಎಂಬ ತಪ್ಪು ಹೆಸರಿನಲ್ಲಿ ಬದುಕಿರುವುದು ಗೊತ್ತಾಯಿತು. ಇಂದು ಓ-ಬ್ರಿಯೋಂನ ಕೆಂಪು ವೈನಿಗೆ ಮೃದುತ್ವವನ್ನೂ ತುಂಬುತನವನ್ನೂ ಕೊಡುವ ಮೆರ್ಲೋ, ತಡವಾಗಿ ಹಣ್ಣಾಗಿ ಗಟ್ಟಿ ಚೌಕಟ್ಟನ್ನು ಕೊಡುವ ಕ್ಯಾಬರ್ನೆ ಸೊವಿನ್ಯೋಂ, ಸುವಾಸನೆಗೆ ಹೆಸರಾದ ಕ್ಯಾಬರ್ನೆ ಫ್ರಾಂಕ್ ಮುಖ್ಯವಾದವು. ನೆರೆಯ ಮೆದೋಕಿನ ಹಿರಿಯ ತೋಟಗಳಲ್ಲಿ ಕ್ಯಾಬರ್ನೆ ಸೊವಿನ್ಯೋಂನದೇ ಮೇಲುಗೈಯಾದರೆ, ಇಲ್ಲಿ ಮೆರ್ಲೋ ಅದಕ್ಕೆ ಸಮಸಮನಾಗಿ ನಿಲ್ಲುತ್ತದೆ. ಬಿಳಿ ವೈನಿಗಾಗಿ ಸುಮಾರು 3 ಹೆಕ್ಟೇರಿನಲ್ಲಿ ಸೆಮಿಯೋಂ ಮತ್ತು ಸೊವಿನ್ಯೋಂ ಬ್ಲಾಂಕ್ ಬೆಳೆಯುತ್ತಾರೆ.

ಕ್ಯಾಬರ್ನೆ ಸೊವಿನ್ಯೋಂ ಅನಾದಿ ಕಾಲದ ತಳಿಯೆಂಬ ನಂಬಿಕೆಯನ್ನು 1997ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಜಾನ್ ಬೋವರ್ಸ್ ಮತ್ತು ಕ್ಯಾರೊಲ್ ಮೆರೆಡಿತ್ ಡಿಎನ್ಎ ಪರೀಕ್ಷೆಯಿಂದ ಅಲುಗಾಡಿಸಿದರು: ಅದು ಕೆಂಪಿನ ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿಯ ಸೊವಿನ್ಯೋಂ ಬ್ಲಾಂಕ್ ತೋಟದಲ್ಲಿ ತಾವಾಗಿಯೇ ಕೂಡಿ ಹುಟ್ಟಿದ ಸಂತಾನ. ಮೆರ್ಲೋ ಕೂಡ ಕ್ಯಾಬರ್ನೆ ಫ್ರಾಂಕಿನದೇ ಪೀಳಿಗೆ. ಪುರಾತನವೆಂದು ಪೂಜಿಸಲ್ಪಡುವ ಇಂದಿನ ಮಿಶ್ರಣ ಹೀಗೆ ಬಹುಮಟ್ಟಿಗೆ ಈಚಿನ ನೂರೈವತ್ತು ವರ್ಷಗಳ ಆಯ್ಕೆ.

ಇಪ್ಪತ್ತನೆಯ ಶತಮಾನದ ಕಥೆ ಕಾನೂನಿನದೂ ಪ್ರಯೋಗಶಾಲೆಯದೂ ಹೌದು. ಕಲಬೆರಕೆ ಮತ್ತು ಕಳ್ಳಹೆಸರುಗಳ ಹಾವಳಿಗೆ ಉತ್ತರವಾಗಿ 1935ರಲ್ಲಿ ಫ್ರಾನ್ಸ್ ಸ್ಥಳನಾಮದ ಕಾನೂನನ್ನು ತಂದಿತು. ನಿಗದಿತ ಎಲ್ಲೆಯೊಳಗೆ, ನಿಗದಿತ ತಳಿಗಳಿಂದ, ನಿಗದಿತ ಕ್ರಮದಲ್ಲಿ ಮಾಡಿದ ವೈನಿಗೆ ಮಾತ್ರ ಆ ಊರಿನ ಹೆಸರನ್ನು ಬಳಸಲು ಬಿಡುವ ಈ ವ್ಯವಸ್ಥೆಗೆ ಅಪೆಲಾಸಿಯೋಂ ಎಂದು ಹೆಸರು. ಓ-ಬ್ರಿಯೋಂ ಇರುವ ಭಾಗ 1987ರಲ್ಲಿ ಪೆಸ್ಸಾಕ್-ಲೆಯೋನ್ಯಾಂ ಎಂಬ ಪ್ರತ್ಯೇಕ ಅಪೆಲಾಸಿಯೋಂ ಆಯಿತು. ಅದೇ 1935ರಲ್ಲಿ ಅಮೆರಿಕದ ಬ್ಯಾಂಕರ್ ಕ್ಲಾರೆನ್ಸ್ ಡಿಲನ್ ತೋಟವನ್ನು ಕೊಂಡ. ಇಂದಿಗೂ ಅದು ಆ ವಂಶದವರ ಕೈಯಲ್ಲಿದೆ. ಒಡೆಯರು ದೂರದಲ್ಲಿದ್ದರೂ ತೋಟದ ಮೇಲ್ವಿಚಾರಣೆಯನ್ನು ಡೆಲ್ಮಾ ಮನೆತನದ ಮೂರು ತಲೆಮಾರುಗಳು ನಡೆಸಿಕೊಂಡು ಬಂದವು. 1961ರಲ್ಲಿ ಜಾನ್-ಬರ್ನಾರ್ ಡೆಲ್ಮಾ ಹುದುಗಿಸುವ ಮರದ ದೊಡ್ಡ ತೊಟ್ಟಿಗಳನ್ನು ತೆಗೆಸಿ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿಸಿದರು. ಮೊದಲ ದರ್ಜೆಯ ತೋಟಗಳಲ್ಲಿ ಇದೇ ಮೊದಲ ಪ್ರಯೋಗ. ಹುದುಗುವಾಗ ರಸ ತಾನಾಗಿ ಬಿಸಿಯೇರುತ್ತದೆ, ಶಾಖ ಮಿತಿಮೀರಿದರೆ ಹುದುಗಿನ ಜೀವಿಗಳು ಸತ್ತು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಎಡೆಯಾಗುತ್ತದೆ. ಉಕ್ಕಿನ ತೊಟ್ಟಿಯನ್ನು ತಂಪುಮಾಡುವುದೂ ತೊಳೆಯುವುದೂ ಸುಲಭ. ಬೋರ್ಡೋ ವಿಶ್ವವಿದ್ಯಾಲಯದ ಎಮಿಲ್ ಪೇನೋ ಇದೇ ಕಾಲದಲ್ಲಿ ವೈನಿನ ತೀಕ್ಷ್ಣ ಹುಳಿಯನ್ನು ಸೌಮ್ಯ ಹುಳಿಯಾಗಿ ಮಾರ್ಪಡಿಸುವ ಎರಡನೆಯ ಹುದುಗುವಿಕೆಯನ್ನು ಹಿಡಿತಕ್ಕೆ ತರುವ ವಿಧಾನವನ್ನು ತೋಟಗಾರರಿಗೆ ಕಲಿಸುತ್ತಿದ್ದರು. 1970ರ ದಶಕದಲ್ಲಿ ಓ-ಬ್ರಿಯೋಂ ಸರ್ಕಾರಿ ಕೃಷಿ ಸಂಶೋಧಕರ ಜೊತೆಗೂಡಿ ಒಳ್ಳೆಯ ಬಳ್ಳಿಗಳನ್ನು ಆಯ್ದು ಸಸಿ ಬೆಳೆಸುವ ಕೆಲಸಕ್ಕೂ ಕೈಹಾಕಿತು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ತೀರ್ಪುಗಾರರು ಹೆಸರು ಮುಚ್ಚಿಟ್ಟ ವೈನ್‌ಗಳನ್ನು ಸವಿದು ಅಂಕ ಕೊಟ್ಟಾಗ ಕ್ಯಾಲಿಫೋರ್ನಿಯಾದ ಒಂದು ಕೆಂಪು ವೈನ್ ಮೊದಲ ಸ್ಥಾನ ಪಡೆಯಿತು, ಓ-ಬ್ರಿಯೋಂನ 1970ರ ವೈನ್ ನಾಲ್ಕನೆಯದಾಯಿತು. ಬಡನೆಲದ ಹಿರಿಮೆಯ ಜೊತೆಗೆ ನೆಲಮಾಳಿಗೆಯ ವಿದ್ಯೆಯೂ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ವೈನಿಗೆ ತಕ್ಕ ಊಟ ಎಂಬ ವಿಚಾರವೂ ಕಾಲದ ಕೂಸೇ. 1801ರಿಂದ 1804ರವರೆಗೆ ಓ-ಬ್ರಿಯೋಂನ ಒಡೆಯನಾಗಿದ್ದ ರಾಜತಂತ್ರಜ್ಞ ತಾಲೆರಾಂ, ಫ್ರೆಂಚ್ ಪಾಕಶಾಸ್ತ್ರದ ಮಹಾನ್ ಬಾಣಸಿಗ ಕರೇಮನಿಂದ ಅಡುಗೆ ಮಾಡಿಸುತ್ತಿದ್ದವನು. ಆದರೆ ಆ ಕಾಲದ ಔತಣಗಳಲ್ಲಿ ಹಲವು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲಿಡುತ್ತಿದ್ದರು. ಒಂದಾದ ಮೇಲೊಂದು ಖಾದ್ಯವನ್ನು ತಂದು ಬಡಿಸುವ ರಷ್ಯನ್ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದ ಮೇಲೆಯೇ ಪ್ರತಿ ಖಾದ್ಯಕ್ಕೂ ಅದರದೇ ವೈನ್ ಎಂಬ ಕ್ರಮ ಗಟ್ಟಿಯಾಯಿತು. ಕೆಂಪು ವೈನಿನ ಸಿಪ್ಪೆ ಬೀಜಗಳಿಂದ ಬರುವ ಟ್ಯಾನಿನ್, ಎಳೆ ಅಡಿಕೆಯನ್ನು ಅಗಿದಾಗ ಆಗುವಂತೆಯೇ, ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯನ್ನು ಒಗರಾಗಿಸುತ್ತದೆ. ಮಾಂಸದ ಪ್ರೋಟೀನು ಮತ್ತು ಕೊಬ್ಬು ಜೊತೆಗಿದ್ದರೆ ಆ ಒಗರು ತಗ್ಗುತ್ತದೆ. ಬೋರ್ಡೋದ ಜನ ಪೊಯಾಕ್ ಊರಿನ ಕುರಿಮರಿಯ ಮಾಂಸಕ್ಕೂ, ದ್ರಾಕ್ಷಿಯ ಒಣ ಬಳ್ಳಿಯ ಕೆಂಡದ ಮೇಲೆ ಸುಟ್ಟ ದನದ ಮಾಂಸಕ್ಕೂ ಕೆಂಪು ವೈನನ್ನೇ ಬಯಸುವುದಕ್ಕೆ ಇದು ಕಾರಣ. ಆರ್ಕಾಶೋಂ ಕೊಲ್ಲಿಯ ಸಿಂಪಿಗಳಿಗೆ ಗ್ರಾವ್ ಪ್ರದೇಶದ ಸಿಹಿಯಿಲ್ಲದ ಬಿಳಿ ವೈನ್ ಹೊಂದುತ್ತದೆ. ವೈನಿನಲ್ಲಿರುವ ಕಬ್ಬಿಣದ ಅಂಶ ಕಡಲ ಆಹಾರದ ಕೊಬ್ಬಿನೊಡನೆ ಸೇರಿ ನಾತವನ್ನು ಹೆಚ್ಚಿಸುತ್ತದೆಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಹಾಗೆಂದು ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬುದು ಮೀರಲಾಗದ ಕಟ್ಟಳೆಯಲ್ಲ: ಹಾವಿನಾಕಾರದ ಲ್ಯಾಂಪ್ರೆ ಎಂಬ ಜಲಚರವನ್ನು ಬೋರ್ಡೋದಲ್ಲಿ ಕೆಂಪು ವೈನಿನಲ್ಲಿಯೇ ಬೇಯಿಸಿ, ಅದರ ಜೊತೆಗೂ ಕೆಂಪನ್ನೇ ಕುಡಿಯುತ್ತಾರೆ. ಮೆಣಸಿನಕಾಯಿಯ ಖಾರ ಮಾತ್ರ ಮದ್ಯಸಾರದ ಉರಿಯನ್ನು ಹೆಚ್ಚಿಸುವುದರಿಂದ, ಕನ್ನಡ ನಾಡಿನ ಖಾರದ ಮಾಂಸದ ಸಾರಿಗೆ ಹಳೆಯ ಬೋರ್ಡೋ ವೈನ್ ಹೇಳಿ ಮಾಡಿಸಿದ ಜೊತೆಯಲ್ಲ.

ತಾಪಮಾನದ ಏರಿಕೆ ಈಗ ಈ ಸೀಮೆಯ ಮುಂದಿರುವ ದೊಡ್ಡ ಸವಾಲು. ಬೇಗ ಹಣ್ಣಾಗುವ ಮೆರ್ಲೋದಲ್ಲಿ ಸಕ್ಕರೆ ಹೆಚ್ಚಿ ಮದ್ಯಸಾರ ಏರುತ್ತಿರುವುದರಿಂದ, 2021ರಲ್ಲಿ ಫ್ರಾನ್ಸಿನ ಅಪೆಲಾಸಿಯೋಂ ಸಂಸ್ಥೆ ಮಾರ್ಸೆಲಾನ್, ಪೋರ್ಚುಗಲ್ಲಿನ ತೂರಿಗ ನಾಸಿಯೊನಾಲ್ ಸೇರಿದಂತೆ ಆರು ಹೊಸ ತಳಿಗಳಿಗೆ ಒಪ್ಪಿಗೆ ಕೊಟ್ಟಿತು. ತೋಟದಲ್ಲಿ ಅವುಗಳ ಪಾಲು ಶೇ. 5ನ್ನೂ ಮಿಶ್ರಣದಲ್ಲಿ ಶೇ. 10ನ್ನೂ ಮೀರುವಂತಿಲ್ಲ. ಈ ಅನುಮತಿ ಬೋರ್ಡೋ ಮತ್ತು ಬೋರ್ಡೋ ಸುಪೇರಿಯರ್ ಎಂಬ ಸಾಮಾನ್ಯ ಅಪೆಲಾಸಿಯೋಂಗಳಿಗೆ ಸಲ್ಲುತ್ತದೆಯೇ ಹೊರತು ಓ-ಬ್ರಿಯೋಂ ಸೇರಿರುವ ಪೆಸ್ಸಾಕ್-ಲೆಯೋನ್ಯಾಂಗೆ ಅನ್ವಯಿಸುವುದಿಲ್ಲ.