ಸಾರ್ವಜನಿಕ ಜಾಲತಾಣಗಳ ಸುಗಮ್ಯತೆ

ದೃಷ್ಟಿ, ಶ್ರವಣ, ಚಲನೆ ಅಥವಾ ಗ್ರಹಿಕೆಯ ವೈಕಲ್ಯವುಳ್ಳವರೂ ಇನ್ನೊಬ್ಬರ ನೆರವಿಲ್ಲದೆ ಓದಿ, ಅರಿತು, ಅರ್ಜಿ ಸಲ್ಲಿಸಲು ಆಗುವಂತೆ ಸರ್ಕಾರಿ ಕಚೇರಿ ಅಥವಾ ಸಂಸ್ಥೆಯ ಜಾಲತಾಣವನ್ನು ರೂಪಿಸುವುದಕ್ಕೆ ಸುಗಮ್ಯತೆ ಎಂದು ಹೆಸರು. ಕಣ್ಣು ಕಾಣದವರು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ನೆಚ್ಚುತ್ತಾರೆ. ಮೌಸ್ ಹಿಡಿಯಲಾಗದವರು ಕೀಲಿಮಣೆಯಿಂದಲೇ ಪುಟದಲ್ಲಿ ಸಂಚರಿಸುತ್ತಾರೆ. ಕಿವಿ ಕೇಳದವರಿಗೆ ವಿಡಿಯೊಗಳಲ್ಲಿ ಅಡಿಬರಹ ಬೇಕಾಗುತ್ತದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ಮೊದಲ ಬಾರಿಗೆ ಪ್ರಕಟಿಸಿ 2008, 2018 ಮತ್ತು 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೇ ಈ ವಿಷಯದಲ್ಲಿ ಜಗತ್ತಿನ ಸಾಮಾನ್ಯ ಅಳತೆಗೋಲು.

ಭಾರತದಲ್ಲಿ ಇದು ಕಾನೂನಿನ ಹೊಣೆಯೂ ಹೌದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಅಡಿಯಲ್ಲಿ 2017ರಲ್ಲಿ ರಚಿತವಾದ ನಿಯಮಾವಳಿಯ 15ನೇ ನಿಯಮವು, ಜಾಲತಾಣಗಳು ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯನ್ನು ಅನುಸರಿಸಬೇಕೆಂದೂ, ಅವುಗಳಲ್ಲಿ ಹಾಕುವ ದಾಖಲೆಗಳು ಇ-ಪಬ್ ರೂಪದಲ್ಲಿ ಅಥವಾ ಅಕ್ಷರಗಳನ್ನು ಗುರುತಿಸಬಲ್ಲ ಪಿಡಿಎಫ್ ರೂಪದಲ್ಲಿ ಇರಬೇಕೆಂದೂ ಹೇಳಿತು. ಆದರೆ ಮಾರ್ಗಸೂಚಿಗಳು ಕೇವಲ ಸಲಹೆಯ ಧಾಟಿಯಲ್ಲಿದ್ದುದರಿಂದ, ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು 15(1)ನೇ ನಿಯಮವು ಮೂಲ ಅಧಿನಿಯಮಕ್ಕೆ ಹೊಂದದ್ದೆಂದು ತೀರ್ಪಿತ್ತು, ಪಾಲಿಸಲೇಬೇಕಾದ ಮಾನದಂಡಗಳನ್ನು ಬೇರ್ಪಡಿಸಿ ಗೊತ್ತುಪಡಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು.

ಈ ಹೊಣೆ ಸ್ಥಳೀಯವಾಗಿ ಹೇಗೆ ಕಾಣುತ್ತದೆಂಬುದಕ್ಕೆ ಒಂದು ಉದಾಹರಣೆ ನೋಡೋಣ. ಕುಂದಾಪುರದಿಂದ ಬೇರ್ಪಟ್ಟು 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಬೈಂದೂರಿನ ಆಡಳಿತ ಮಾಹಿತಿ ಉಡುಪಿ ಜಿಲ್ಲಾ ಜಾಲತಾಣದಲ್ಲಿ ದೊರೆಯುತ್ತದೆ. ಆ ತಾಣ ನಿಂತಿರುವುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಜಿಲ್ಲಾಡಳಿತಗಳಿಗಾಗಿ ಸಿದ್ಧಪಡಿಸಿದ ಎಸ್‌3ವಾಸ್ ಎಂಬ ಚೌಕಟ್ಟಿನ ಮೇಲೆ. ಅದರ ಮೂರು ‘ಎಸ್’ಗಳಲ್ಲಿ ಒಂದು ‘ಸುಗಮ್ಯ’. ಅಕ್ಷರದ ಗಾತ್ರ ಹಿಗ್ಗಿಸುವ, ಬಣ್ಣದ ವ್ಯತ್ಯಾಸ ಹೆಚ್ಚಿಸುವ, ನೇರವಾಗಿ ಮುಖ್ಯ ವಿಷಯಕ್ಕೆ ಜಿಗಿಯುವ ಸೌಲಭ್ಯಗಳು ಈ ಚೌಕಟ್ಟಿನಲ್ಲೇ ಇವೆ. ಇವು ಉಪಯುಕ್ತವೇ ಆದರೂ ಗುಂಡಿಗಳ ಸಾಲೊಂದರಿಂದ ತಾಣ ಸುಗಮ್ಯವಾಗದು, ಏಕೆಂದರೆ ಚೌಕಟ್ಟಿನೊಳಗೆ ಕಚೇರಿಗಳು ತುಂಬುವ ಆದೇಶ, ಪಟ್ಟಿ, ಪ್ರಕಟಣೆಗಳ ಮೇಲೆ ಚೌಕಟ್ಟಿಗೆ ಹಿಡಿತವಿಲ್ಲ.

ಕನ್ನಡದ ಮಟ್ಟಿಗೆ ನಿಜವಾದ ತೊಡಕು ಇರುವುದೂ ಅಲ್ಲಿಯೇ. ಸಹಿ, ಮೊಹರು ಬಿದ್ದ ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದಾಗ ಅದು ಬರಹವಾಗಿ ಉಳಿಯದೆ ಚಿತ್ರವಾಗಿಬಿಡುತ್ತದೆ. ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಏನೂ ಇರುವುದಿಲ್ಲ. ಯುನಿಕೋಡ್ ಅಲ್ಲದ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಕಡತದ ಪಾಡು ಇನ್ನೂ ವಿಚಿತ್ರ: ಇಂಥ ಫಾಂಟ್‌ಗಳು ರೋಮನ್ ಲಿಪಿಯ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸುವುದರಿಂದ, ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದ ಕಡತದೊಳಗೆ ‘ಪಿ’ ಎಂಬ ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತದೆ, ಕೇಳುವವರ ಕಿವಿಗೆ ಬೀಳುವುದು ಅರ್ಥವಿಲ್ಲದ ಅಕ್ಷರಗಳ ಗದ್ದಲ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಕೇತವಿರುವುದರಿಂದ, ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇ-ಸ್ಪೀಕ್ ಧ್ವನಿಯ ನೆರವಿನಿಂದ ಅದೇ ಆದೇಶವನ್ನು ಕನ್ನಡದಲ್ಲೇ ಓದಬಲ್ಲದು. ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳು ಲಭ್ಯವಿರುವುದರಿಂದ ಇದನ್ನು ತಂತ್ರಜ್ಞಾನದ ಕೊರತೆ ಎನ್ನುವುದಕ್ಕಿಂತ ಕಚೇರಿಯ ರೂಢಿಯ ದೋಷ ಎನ್ನುವುದೇ ಸರಿ.

ಅರ್ಜಿ ನಮೂನೆಗಳ ತೊಡಕು ಬೇರೆ ಬಗೆಯದು. ಯಾವ ಚೌಕದಲ್ಲಿ ಏನು ಬರೆಯಬೇಕೆಂಬ ಹೆಸರು ಪುಟದ ಕೋಡ್‌ನೊಳಗೆ ಆ ಚೌಕಕ್ಕೆ ಜೋಡಣೆಯಾಗಿರದಿದ್ದರೆ ಸ್ಕ್ರೀನ್ ರೀಡರ್ ಪ್ರತಿ ಚೌಕಕ್ಕೂ ‘ಎಡಿಟ್’ ಎಂದಷ್ಟೇ ಹೇಳುತ್ತದೆ. ತಿರುಚಿದ ಅಕ್ಷರಗಳನ್ನು ಗುರುತಿಸಿ ಬರೆಯಬೇಕಾದ ಕ್ಯಾಪ್ಚಾಕ್ಕೆ ಧ್ವನಿಯ ಪರ್ಯಾಯ ಇಲ್ಲದಿದ್ದರೆ ಅಂಧರ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ ಅರ್ಜಿಯನ್ನೂ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನರ ಮಾತಿನ ವಿಆರ್‌ಡಬ್ಲ್ಯುಗಳು, ಅಥವಾ ಸೈಬರ್ ಅಂಗಡಿಯವರು ತುಂಬಿಕೊಡುವುದುಂಟು. ಬೈಂದೂರು ತಾಲ್ಲೂಕಿನ ಕೊಲ್ಲೂರಿನಂಥ ಘಟ್ಟದ ಬುಡದ ಊರುಗಳಿಂದ ತಾಲ್ಲೂಕು ಕೇಂದ್ರಕ್ಕೆ ಅಲೆಯುವುದನ್ನು ಈ ನೆರವು ತಪ್ಪಿಸಬಹುದಾದರೂ, ಆಧಾರ್ ಸಂಖ್ಯೆ, ವೈದ್ಯಕೀಯ ವಿವರ, ಒಟಿಪಿಗಳೆಲ್ಲ ಬೇರೆಯವರ ಕೈಸೇರುವುದನ್ನು ಅದು ತಪ್ಪಿಸದು.

ಜಾಲತಾಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಹೊಣೆ ಕೇಂದ್ರ ಸರ್ಕಾರದ ಎಸ್‌ಟಿಕ್ಯುಸಿ ನಿರ್ದೇಶನಾಲಯದ್ದು. ಪರೀಕ್ಷೆ ನಡೆದ ದಿನದ ಸ್ಥಿತಿಯನ್ನಷ್ಟೇ ಪ್ರಮಾಣಪತ್ರ ಹೇಳಬಲ್ಲದು. ಮರುವಾರ ಗುಮಾಸ್ತರೊಬ್ಬರು ಸ್ಕ್ಯಾನ್ ಮಾಡಿದ ಸುತ್ತೋಲೆಯೊಂದನ್ನು ಏರಿಸಿದರೆ ಆ ಪುಟದ ಮಟ್ಟಿಗೆ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗಬೇಕಾಗುತ್ತದೆ.