ಶಿವಪ್ಪನಾಯಕನ ಶಿಸ್ತೂ ಅಂದಾಜಿನ ಗಣಿತವೂ

ಶಿಸ್ತೆಂಬ ಶಬ್ದಕ್ಕೆ ಈಗ ನಮ್ಮ ಪಾಠಶಾಲೆಗಳಲ್ಲಿ ನಡೆನುಡಿಯ ಕಟ್ಟುಪಾಡೆಂಬ ಅರ್ಥವೊಂದೇ ಉಳಿದಿರುವುದು. ಮಲೆನಾಡಿನ ಹಳೆಯ ಕಂದಾಯದ ಕಾಗದಗಳನ್ನು ನೋಡಿದವರು ಇದರ ಮತ್ತೊಂದು ಅರ್ಥವನ್ನು ಬಲ್ಲರು. ಭೂಮಿಯ ಮೇಲೆ ಗೊತ್ತುಮಾಡಿದ ತೆರಿಗೆಗೆ ಶಿಸ್ತೆಂದು ಹೆಸರು. ಕೆಳದಿಯ ಶಿವಪ್ಪನಾಯಕನು (ಕ್ರಿ. ಶ. 1645–1660) ‘ಶಿಸ್ತಿನ ಶಿವಪ್ಪನಾಯಕ’ನೆಂದು ಜನರ ಬಾಯಲ್ಲಿ ನಿಂತುದು ಈ ಎರಡನೆಯ ಅರ್ಥದಿಂದಲೇ. ಶಿಕಾರಿಪುರ ಸೊರಬಗಳ ಸೀಮೆಯೂ ಆತನ ಆಳಿಕೆಗೆ ಒಳಪಟ್ಟಿದ್ದಿತು. ಆತನ ನ್ಯಾಯಬುದ್ಧಿಯನ್ನು ಕೊಂಡಾಡಿದವರು ಬಹುಮಂದಿ; ಆತನ ಲೆಕ್ಕದ ರೀತಿಯನ್ನು ಗಣಿತದೃಷ್ಟಿಯಿಂದ ಪರೀಕ್ಷಿಸಿದವರು ವಿರಳ. ಈ ಕಾಲದಲ್ಲಿ ಸಾಫ್ಟ್‌ವೇರ್, ಹಾರ್ಡ್‌ವೇರ್‌ಗಳ ನಿರ್ಮಾಣಕ್ಕೆ ತಗಲುವ ವೆಚ್ಚವನ್ನು ಮುಂದಾಗಿ ಊಹಿಸಲು ‘ಪ್ಯಾರಾಮೆಟ್ರಿಕ್’ ಅಂದಾಜೆಂಬ ಪದ್ಧತಿಯೊಂದು ಬಳಕೆಯಲ್ಲಿದೆ. ಶಿಸ್ತಿನ ಪದ್ಧತಿಯೂ ಇದೂ ಒಂದೇ ಜಾತಿಗೆ ಸೇರಿದವೆಂದು ತೋರಿಸುವುದೂ, ಈ ಸಾದೃಶ್ಯದಿಂದ 1830ರ ನಗರದ ದಂಗೆಯ ಒಂದು ಕಾರಣವು ಹೆಚ್ಚು ತಿಳಿಯಾಗುವುದೆಂದು ಸೂಚಿಸುವುದೂ ಈ ಲೇಖನದ ಉದ್ದೇಶವು.

ಮೊದಲು ಶಿಸ್ತಿನ ಸ್ವರೂಪವನ್ನು ನೋಡೋಣ. ರೈಸ್ ಸಾಹೇಬರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಇದರ ವಿವರವನ್ನು ಕೊಟ್ಟಿರುವರು. ಶಿವಪ್ಪನಾಯಕನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಗೆ ಒಂದೊಂದು ಹೊಲವನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ತನ್ನ ಸ್ವಂತ ಖರ್ಚಿನಿಂದ ಬೇಸಾಯಮಾಡಿಸಿ, ಬಿತ್ತಿದ ಬೀಜವೆಷ್ಟು, ಬೇಸಾಯದ ವೆಚ್ಚವೆಷ್ಟು, ಬೆಳೆದ ಫಲವೆಷ್ಟು, ಅದರ ಬೆಲೆಯೆಷ್ಟು ಎಂಬ ಲೆಕ್ಕವನ್ನು ಬರೆಯಿಸಿದನಂತೆ. ಆ ಮೇಲೆ ಸರಾಸರಿಯನ್ನು ತೆಗೆದು, ಐವತ್ತು ಸೇರಿನ ಖಂಡುಗವೊಂದಕ್ಕೆ ಒಂದು ಹಣ, ಹತ್ತು ಹಣಕ್ಕೆ ಒಂದು ವರಹ ಎಂಬ ದರವನ್ನು ಹಿಡಿದು, ಒಟ್ಟು ಹುಟ್ಟುವಳಿಯಲ್ಲಿ ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಲ್ಲಿಸಿದನು. ಭೂಮಿಯು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿಯಾಗಿ ವಿಭಾಗಿಸಲ್ಪಟ್ಟಿತು. ದೃಷ್ಟಾಂತಕ್ಕೆ, ಒಂದು ಗದ್ದೆಯ ತರಗತಿಯಿಂದಲೂ ವಿಸ್ತಾರದಿಂದಲೂ ತೊಂಬತ್ತು ಖಂಡುಗದ ಹುಟ್ಟುವಳಿಯು ಸಿದ್ಧವಾಯಿತೆಂದು ಇಟ್ಟುಕೊಳ್ಳಿರಿ. ಅರಮನೆಯ ಪಾಲು ಮೂವತ್ತು ಖಂಡುಗ, ಅಂದರೆ ಮೂವತ್ತು ಹಣ, ಅಂದರೆ ಮೂರು ವರಹ. ಗದ್ದೆಯ ಕೊಯ್ಲನ್ನು ಯಾರೂ ಕಾದು ನೋಡಬೇಕಾಗಿಲ್ಲ.

ವಾಚಕರು ಗಮನಿಸಬೇಕಾದುದು ಮೂರನೆಯ ಒಂದೆಂಬ ಪಾಲನ್ನಲ್ಲ. ಪಾಲನ್ನು ಗೊತ್ತುಮಾಡಿದ ದೊರೆಗಳು ನಮ್ಮ ದೇಶದಲ್ಲಿ ಎಷ್ಟೋ ಮಂದಿ. ಆರನೆಯ ಒಂದು ಪಾಲೆಂಬುದು ಸ್ಮೃತಿಗಳಷ್ಟು ಹಳೆಯ ಮಾತು. ಇಲ್ಲಿಯ ವಿಶೇಷವು ಆ ಹನ್ನೆರಡು ವರ್ಷಗಳ ಪ್ರಯೋಗವೇ. ತಿಳಿದಿರುವ ಕೆಲವು ಹೊಲಗಳ ಲೆಕ್ಕದಿಂದ ಗುಣಕವನ್ನು ಕಂಡುಹಿಡಿದು, ಎಣಿಕೆಗೆ ಸುಲಭವಾಗಿ ಸಿಕ್ಕುವ ಎರಡು ಮೂರು ಮಾನಗಳಿಂದ ಆ ಗುಣಕವನ್ನು ಗುಣಿಸಿ, ತಿಳಿಯದ ಸಾವಿರಾರು ಹೊಲಗಳ ಫಲವನ್ನು ಹೇಳುವುದು. ಪ್ಯಾರಾಮೆಟ್ರಿಕ್ ಅಂದಾಜೆಂದರೆ ಇಷ್ಟೇ. ಒಂದು ಆದಾಯದ ಊಹೆ, ಮತ್ತೊಂದು ವೆಚ್ಚದ ಊಹೆ ಎಂಬ ಭೇದವುಂಟು. ಊಹೆಯ ಮಾರ್ಗದಲ್ಲಿ ಭೇದವಿಲ್ಲ. ಇಟ್ಟಿಗೆಯೆಷ್ಟು, ಗಾರೆಯೆಷ್ಟು, ಆಳೆಷ್ಟು ಎಂದು ಬಾಬುಬಾಬಾಗಿ ಕೂಡಿಸಿ ಹೇಳುವ ಇಂಜಿನಿಯರರ ಅಂದಾಜು ಬೇರೆಯದು. ಅದಕ್ಕೆ ನಕ್ಷೆಯು ಮುಗಿದಿರಬೇಕು. ಇದು ನಕ್ಷೆಗೂ ಮುಂಚೆ ಬೇಕಾದುದು.

ಈ ಮಾರ್ಗದ ಬೀಜವು ನಮ್ಮ ಗಣಿತಶಾಸ್ತ್ರದಲ್ಲಿ ಬಹು ಹಿಂದೆಯೇ ಇದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಖಾತವ್ಯವಹಾರವೆಂಬ ಪ್ರಕರಣವಿದೆ. ಕೆರೆ ಬಾವಿಗಳನ್ನು ತೋಡುವ ಲೆಕ್ಕ, ಇಟ್ಟಿಗೆಯ ಚಿತಿಯ ಲೆಕ್ಕ, ಗರಗಸದಿಂದ ಮರವನ್ನು ಸೀಳುವ ಲೆಕ್ಕಗಳೆಲ್ಲ ಅದರಲ್ಲಿ ಅಡಗಿರುವುವು. 1150ರಲ್ಲಿ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಇವುಗಳ ಘನಫಲಕ್ಕೂ ಸೀಳಿದ ಕ್ಷೇತ್ರಫಲಕ್ಕೂ ಸೂತ್ರಗಳನ್ನು ಹೇಳಿ, ಬಳಿಕ ಕೂಲಿಯ ವಿಷಯಕ್ಕೆ ಬಂದಾಗ ಒಂದು ಸೂಕ್ಷ್ಮವಾದ ಮಾತನ್ನಾಡಿರುವನು. ಇಟ್ಟಿಗೆ, ಕಲ್ಲು, ಅಗೆತ, ಗರಗಸದ ಕೆಲಸಗಳಲ್ಲಿ ಮೂಲ್ಯವು ವಸ್ತುವಿನ ಮೃದುತ್ವ ಕಠಿನತ್ವಗಳನ್ನೂ ಕೆಲಸಗಾರರ ಒಪ್ಪಿಗೆಯನ್ನೂ ಅನುಸರಿಸುವುದೆಂದು ಆ ಶ್ಲೋಕದ ತಾತ್ಪರ್ಯ. ಅಳತೆಯು ಗಣಿತದಿಂದ ಬರುವುದು. ಗುಣಕವು ಮಾತ್ರ ಕೈಕೆಲಸ ಬಲ್ಲವರಿಂದ ಬರಬೇಕು. ವ್ಯಾಖ್ಯಾನಕಾರರು ಈ ಶ್ಲೋಕವನ್ನು ಬೇಗ ದಾಟಿಹೋಗುವರು. ನನಗೆ ಇದು ಪ್ರಕರಣದ ಪ್ರಾಣವೆಂದು ತೋರುವುದು.

ಶಿಕಾರಿಪುರದ ಸೀಮೆಯ ಶಾಸನಗಳಲ್ಲಿ ಅಳತೆಯ ಪಕ್ಷವು ಸಿಕ್ಕುವಷ್ಟು ಗುಣಕದ ಪಕ್ಷವು ಸಿಕ್ಕುವುದಿಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯನು ನಿಲ್ಲಿಸಿದ ಗಂಡಭೇರುಂಡಸ್ತಂಭವು ಪ್ರಸಿದ್ಧವಾದುದು. ಭೇರುಂಡಗಳೆಯೆಂಬ ಅಳತೆಗೋಲಿನ ಹೆಸರೂ ಅಲ್ಲಿಯ ದಾನಶಾಸನಗಳಿಂದ ತಿಳಿಯಬರುವುದು. ತಾಳಗುಂದದ ಸ್ತಂಭದಲ್ಲಿ ಕುಬ್ಜಕವಿಯು ಕದಂಬ ಕಾಕುಸ್ಥವರ್ಮನು ಮಾಡಿಸಿದ ಕೆರೆಯನ್ನು ಹೊಗಳಿರುವನು. ಎಷ್ಟು ಮಣ್ಣನ್ನು ತೆಗೆದರು, ಎಷ್ಟು ಆಳು ದುಡಿದರು ಎಂಬುದನ್ನು ಪ್ರಶಸ್ತಿಕಾರನಿಂದ ಅಪೇಕ್ಷಿಸುವುದು ಅನ್ಯಾಯವೇ ಸರಿ. ಆದರೂ ಆ ಲೆಕ್ಕವನ್ನು ಯಾವನೋ ಒಬ್ಬನು ಕೆರೆಗೆ ಮೊದಲೇ ಮಾಡಿರಲೇಬೇಕು.

ಇನ್ನು ಆಧುನಿಕ ಪದ್ಧತಿ. ಅಮೇರಿಕಾದಲ್ಲಿ ರೈಟ್ ಎಂಬ ಇಂಜಿನಿಯರನು 1936ರಲ್ಲಿ ವಿಮಾನಗಳ ನಿರ್ಮಾಣವೆಚ್ಚವನ್ನು ಪರೀಕ್ಷಿಸಿ, ಕಟ್ಟಿದ ವಿಮಾನಗಳ ಸಂಖ್ಯೆಯು ಇಮ್ಮಡಿಯಾದಾಗಲೆಲ್ಲ ವಿಮಾನವೊಂದಕ್ಕೆ ತಗಲುವ ದುಡಿಮೆಯು ಸುಮಾರು ನೂರಕ್ಕೆ ಎಂಬತ್ತರ ಮಟ್ಟಕ್ಕೆ ಇಳಿಯುವುದೆಂದು ಕಂಡುಹಿಡಿದನು. ಎರಡನೆಯ ಮಹಾಯುದ್ಧದ ತರುವಾಯ ರ‍್ಯಾಂಡ್ ಸಂಸ್ಥೆಯವರು ಈ ಮಾರ್ಗವನ್ನು ಬೆಳೆಸಿದರು. 1970ರ ದಶಕದಲ್ಲಿ ಆರ್‌ಸಿಎ ಕಂಪೆನಿಯ ಫ್ರೈಮನ್ ಎಂಬವನು ಹಾರ್ಡ್‌ವೇರ್‌ಗಾಗಿ ಮಾಡಿದ ‘ಪ್ರೈಸ್’ ಎಂಬ ಮಾದರಿಯಲ್ಲಿ ವಸ್ತುವಿನ ತೂಕವೂ ರಚನೆಯ ಜಟಿಲತೆಯೂ ಮುಖ್ಯ ಮಾನಗಳು. ಮೃದುತ್ವ ಕಠಿನತ್ವಗಳೇ ಬೇರೆ ವೇಷದಲ್ಲಿ ಬಂದಂತೆ ಕಾಣುವುದಲ್ಲವೆ?

ಸಾಫ್ಟ್‌ವೇರಿಗೆ ತೂಕವಿಲ್ಲ. ಆದುದರಿಂದ ಬ್ಯಾರಿ ಬೋಹೆಮ್ ಎಂಬ ವಿದ್ವಾಂಸನು ಬರೆಯಬೇಕಾದ ಆದೇಶಗಳ ಸಾಲುಗಳನ್ನೇ ಮಾನವಾಗಿ ಹಿಡಿದು, ಮುಗಿದುಹೋಗಿದ್ದ 63 ಕಾರ್ಯಗಳ ಲೆಕ್ಕದಿಂದ ‘ಕೊಕೊಮೊ’ ಎಂಬ ಮಾದರಿಯನ್ನು 1981ರಲ್ಲಿ ಪ್ರಕಟಿಸಿದನು. ಸಾವಿರ ಸಾಲುಗಳನ್ನು ಒಂದೆಂದು ಎಣಿಸಿ, ಆ ಸಂಖ್ಯೆಯನ್ನು ಒಂದು ಘಾತಕ್ಕೆ ಏರಿಸಿ, ಗುಣಕದಿಂದ ಗುಣಿಸಿದರೆ ಒಬ್ಬ ಮನುಷ್ಯನ ತಿಂಗಳ ದುಡಿಮೆಯ ಮಾನದಲ್ಲಿ ಶ್ರಮವು ದೊರೆಯುವುದು. ಸರಳವಾದ ಕಾರ್ಯಕ್ಕೆ ಗುಣಕ 2.4, ಘಾತ 1.05; ಯಂತ್ರದೊಡನೆ ಬಿಗಿಯಾಗಿ ಹೆಣೆದ ಕಾರ್ಯಕ್ಕೆ ಗುಣಕ 3.6, ಘಾತ 1.20. ಹತ್ತು ಸಾವಿರ ಸಾಲಿನ ಸರಳ ಕಾರ್ಯಕ್ಕೆ ಸುಮಾರು 27 ತಿಂಗಳಾದರೆ ಇಪ್ಪತ್ತು ಸಾವಿರಕ್ಕೆ 56. ಹೆಣೆದ ಕಾರ್ಯಕ್ಕಾದರೆ 57 ತಿಂಗಳು 131 ಆಗುವುದು. ಇಲ್ಲಿ ನಮ್ಮ ತ್ರೈರಾಶಿಕವು ಮುರಿಯುತ್ತದೆ. ಗದ್ದೆಯು ಇಮ್ಮಡಿಯಾದರೆ ಶಿಸ್ತೂ ಇಮ್ಮಡಿ. ವಿಮಾನವಾದರೆ ಇಮ್ಮಡಿಗೆ ಕಡಿಮೆ. ಸಾಫ್ಟ್‌ವೇರಾದರೆ ಇಮ್ಮಡಿಗೂ ಹೆಚ್ಚು. ಕೆಲಸಗಾರರು ಹೆಚ್ಚಿದಂತೆ ಒಬ್ಬರು ಇನ್ನೊಬ್ಬರಿಗೆ ಹೇಳಿ ಕೇಳುವ ಶ್ರಮವೂ ಹೆಚ್ಚುವುದೇ ಇದಕ್ಕೆ ಕಾರಣವೆನ್ನುವರು. ಈ ಫಲವನ್ನು ಮತ್ತೆ ಹದಿನೈದು ಗುಣಕಗಳಿಂದ ತಿದ್ದುವುದುಂಟು. ವಿಶ್ಲೇಷಕನ ಸಾಮರ್ಥ್ಯವೆಂಬ ಒಂದೇ ಗುಣಕವು ಅತ್ಯಲ್ಪನಲ್ಲಿ 1.46, ಅತ್ಯುತ್ತಮನಲ್ಲಿ 0.71. ಅಂದರೆ ಮನುಷ್ಯಭೇದದಿಂದಲೇ ವೆಚ್ಚವು ಇಮ್ಮಡಿಗೂ ಮೀರಬಹುದು. ಉತ್ತಮದಿಂದ ಅಧಮಾಧಮದವರೆಗಿನ ಐದು ತರಗತಿಗಳು ಇಲ್ಲಿ ಮಣ್ಣನ್ನು ಬಿಟ್ಟು ಮನುಷ್ಯರಿಗೆ ಹತ್ತಿರುವುವು.

ಗುಣಕವು ಪ್ರಯೋಗದಿಂದ ಹುಟ್ಟಿದುದಾದುದರಿಂದ ಪ್ರಯೋಗವು ಹಳತಾದರೆ ಗುಣಕವೂ ಹಳತಾಗುವುದು. ಬೋಹೆಮನೂ ಆತನ ಸಹಾಯಕರೂ 2000ದಲ್ಲಿ 161 ಕಾರ್ಯಗಳ ಲೆಕ್ಕವನ್ನು ಹೊಸದಾಗಿ ತೆಗೆದು ಮಾದರಿಯನ್ನು ತಿದ್ದಿದರು. ಮಲೆನಾಡಿನಲ್ಲಿ ನಡೆದುದು ಇದಕ್ಕೆ ವಿಪರೀತ. ಶಿವಪ್ಪನಾಯಕನ ತರುವಾಯ ಶಿಸ್ತಿನ ಮೇಲೆ ಪಟ್ಟಿಗಳು ಏರಿದುವು. ಹೊಲವನ್ನು ಮತ್ತೆ ಉತ್ತು ನೋಡಿ ಏರಿಸಿದವಲ್ಲ, ಬೊಕ್ಕಸದ ಅಗತ್ಯವನ್ನು ನೋಡಿ ಏರಿಸಿದವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಷರತ್ತೆಂಬ ಪದ್ಧತಿಯು ಬಂದಿತು. ಅಮಲ್ದಾರನು ಇಂತಿಷ್ಟು ಹಣವನ್ನು ತರುವೆನೆಂದು ಮುಂಗಡವಾಗಿ ಬರೆದುಕೊಡಬೇಕು. ಕಡಿಮೆಯಾದರೆ ಅವನೇ ತುಂಬಿಕೊಡಬೇಕು. ಹೆಚ್ಚಾದರೆ ಸರ್ಕಾರಕ್ಕೆ ಒಪ್ಪಿಸಬೇಕು. ಶಿಸ್ತು ಹೊಲದಿಂದ ಮೇಲಕ್ಕೆ ಏರಿದ ಸಂಖ್ಯೆ. ಷರತ್ತು ಮೇಲಿನಿಂದ ಹೊಲಕ್ಕೆ ಇಳಿದ ಸಂಖ್ಯೆ. ಎರಡನ್ನೂ ಅಂದಾಜೆಂದೇ ಕರೆಯಬಹುದಾದರೂ ಮೊದಲನೆಯದು ಊಹೆ, ಎರಡನೆಯದು ಬಯಕೆ. ಹೊಲವು ಕೊಡಲಾರದ ಅಂತರವನ್ನು ರೈತನಿಂದ ತುಂಬಿಸಲು ಹೋದಲ್ಲಿ 1830ರಲ್ಲಿ ನಗರದ ಫೌಜುದಾರಿಯಲ್ಲಿ ದಂಗೆಯೆದ್ದಿತು. ಬೂದಿಬಸವಪ್ಪನೆಂಬವನು ಕೆಳದಿಯ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ನಿಂತನು. 1831ರಲ್ಲಿ ರಾಜ್ಯದ ಆಡಳಿತವೇ ಇಂಗ್ಲಿಷರ ಕೈಗೆ ಹೋಯಿತು. ದಂಗೆಗೆ ಅಧಿಕಾರಿಗಳ ಪಕ್ಷಪಾತ ಮೊದಲಾದ ಬೇರೆ ಕಾರಣಗಳೂ ಇದ್ದುವು. 1833ರ ವಿಚಾರಣಾ ಸಮಿತಿಯು ಅವನ್ನು ಪರಿಶೀಲಿಸಿತು. ಆದರೆ ಕೆಳದಿಯ ಹೆಸರನ್ನು ಹಿಡಿದವನ ಹಿಂದೆ ಜನರು ಹೋದುದರಲ್ಲಿ ಹಳೆಯ ಶಿಸ್ತಿನ ನೆನಪೂ ಇದ್ದಿರಬೇಕೆಂದು ನನ್ನ ಮತವು.

ಸಾಫ್ಟ್‌ವೇರಿನವರಲ್ಲಿಯೂ ಷರತ್ತಿನ ರೋಗವು ಇಲ್ಲದಿಲ್ಲ. ಗುತ್ತಿಗೆಯು ಸಿಕ್ಕಲೆಂದು ಮೊದಲು ಬೆಲೆಯನ್ನು ಗೊತ್ತುಮಾಡಿ, ಆ ಬೆಲೆಯು ಬರುವಂತೆ ಗುಣಕಗಳನ್ನು ತಿದ್ದುವುದುಂಟೆಂದು ಆ ಶಾಸ್ತ್ರದವರೇ ಎಚ್ಚರಿಸುವರು. ಮಾನದ ವಿಷಯದಲ್ಲಿಯೂ ಅವರಿಗೆ ಒಂದು ತೊಡಕುಂಟು. ಸಾಲುಗಳನ್ನು ಬರೆದು ಮುಗಿಸುವುದಕ್ಕೆ ಮುಂಚೆ ಅವುಗಳನ್ನು ಎಣಿಸುವುದು ಹೇಗೆ? ಇದಕ್ಕಾಗಿಯೇ 1979ರಲ್ಲಿ ಐಬಿಎಂ ಕಂಪೆನಿಯ ಆಲ್‌ಬ್ರೆಕ್ಟ್ ಎಂಬವನು ಸಾಲನ್ನು ಬಿಟ್ಟು, ಬಳಸುವವನಿಗೆ ದೊರೆಯುವ ಕಾರ್ಯಗಳನ್ನು ಎಣಿಸುವ ಬೇರೊಂದು ಮಾನವನ್ನು ಸೂಚಿಸಿದನು.

ಸೊರಬದವರಿಗೆ ಈ ತೊಡಕು ಹೊಸದಲ್ಲ. ಆ ತಾಲ್ಲೂಕಿನ ಕಾನುಗಳೆಂಬ ನಿತ್ಯಹಸುರಿನ ತೋಪುಗಳು ಗದ್ದೆಯೂ ಅಲ್ಲ, ತೋಟವೂ ಅಲ್ಲ, ಬರಿಯ ಕಾಡೂ ಅಲ್ಲ. ಮೆಣಸಿನ ಬಳ್ಳಿ, ಬಗನಿಯ ಮರ, ಗದ್ದೆಗೆ ಇಳಿಯುವ ನೀರು, ಗೊಬ್ಬರದ ಸೊಪ್ಪು ಇವುಗಳಿಂದ ಅವುಗಳ ಬೆಲೆ. ವಿಸ್ತಾರವನ್ನು ಅಳೆದರೆ ಇವಾವುವೂ ತಿಳಿಯಲಾರವು. 1863ರಲ್ಲಿ ಮೈಸೂರಿನಲ್ಲಿ ಸರ್ವೆ ಇಲಾಖೆಯು ಏರ್ಪಟ್ಟು, ಮಣ್ಣಿಗೆ ಆಣೆಗಳ ಲೆಕ್ಕದಲ್ಲಿ ತರಗತಿಯನ್ನು ಕಟ್ಟುವ ಹೊಸ ಗುಣಕಗಳು ಬಂದ ಮೇಲೆಯೂ ಕಾನುಗಳು ಆ ಪಟ್ಟಿಗೆ ಸುಲಭವಾಗಿ ಒಗ್ಗಲಿಲ್ಲ. 1868ರಲ್ಲಿ ಬ್ರ್ಯಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬದ ಕಾನುಗಳ ವಿಷಯವಾಗಿಯೇ ಪ್ರತ್ಯೇಕವಾದೊಂದು ಜಂಟಿ ವರದಿಯನ್ನು ಬರೆಯಬೇಕಾಯಿತು.